ಚೀಲದ ಹಿಂಬದಿಯ ಆ ಒಂದು ಸಾಲು

ನಮ್ಮ ಕರಿಯನಲ್ಲಿ ಅರ್ಧ ಲ್ಯಾಬ್ರಡಾರ್, ಅರ್ಧ ನಮ್ಮದೇ ಬೀದಿ. ತೂಕ 29 ಕೆಜಿ. ಇರಬೇಕಾದದ್ದು 25 ಎಂದು ಪಶುವೈದ್ಯರು ಎರಡು ಸಲ ಹೇಳಿದರು; ಮೂರನೆಯ ಸಲ ಅವನನ್ನು ಬಿಟ್ಟು ನನ್ನನ್ನು ನೋಡಿದರು. ‘ಏನು ಹಾಕ್ತೀರಿ?’ ಎಂದರು. ‘ಪೆಡಿಗ್ರಿ ಸಾರ್’ ಎಂದೆ. ನಿಜಕ್ಕೂ ಅದು ಆ ಬ್ರ್ಯಾಂಡೇ ಅಲ್ಲ. ನಮ್ಮ ಕಡೆ ಜೆರಾಕ್ಸ್ ಎಂದರೆ ನಕಲು ಪ್ರತಿ ಹೇಗೋ, ಪೆಡಿಗ್ರಿ ಎಂದರೆ ಚೀಲದಲ್ಲಿ ಬರುವ ಯಾವುದೇ ನಾಯಿ ಕಾಳು. ‘ಎಷ್ಟು ಹಾಕ್ತೀರಿ?’ ಎಂಬ ಮುಂದಿನ ಪ್ರಶ್ನೆಗೆ ನನ್ನ ಬಳಿ ಇದ್ದ ಉತ್ತರ ‘ಒಂದು ಲೋಟ’. ಎಷ್ಟು ದೊಡ್ಡ ಲೋಟ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿಂದ ನೇರ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಚುರುಕು. ‘ಇದು ಗ್ರೇನ್ ಫ್ರೀ ಸಾರ್, ಇದರಲ್ಲಿ ರಿಯಲ್ ಚಿಕನ್, ಇದು ಹೋಲಿಸ್ಟಿಕ್, ಇದು ಪ್ರೀಮಿಯಂ’ ಎಂದು ನಾಲ್ಕು ಚೀಲ ಇಳಿಸಿದ. ನಾಲ್ಕರಲ್ಲೂ ಮುಂದೆ ಹೊಳೆಯುವ ಮೈಯ ನಾಯಿ, ಪಕ್ಕದಲ್ಲಿ ಹುರಿದ ಕೋಳಿ, ಎರಡು ಕ್ಯಾರೆಟ್. ಚೀಲ ತಿರುಗಿಸಿದೆ. ಹಿಂಬದಿಯ ಅಕ್ಷರಗಳು ಎಷ್ಟು ಸಣ್ಣವೆಂದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಬೇಕಾಯಿತು. ‘ಅದೆಲ್ಲ ಯಾರೂ ನೋಡಲ್ಲ ಸಾರ್’ ಎಂದ ಹುಡುಗ. ಅವನ ಮಾತು ನಿಜ.

ಜಮೀನು ಕೊಳ್ಳುವವರು ದಲ್ಲಾಳಿಯ ಮಾತು ಕೇಳುತ್ತಾರೆ, ಆದರೆ ಪಹಣಿ ನೋಡದೆ ಮುಂಗಡ ಕೊಡುವುದಿಲ್ಲ. ಚೀಲದ ಮುಂಬದಿ ದಲ್ಲಾಳಿ, ಹಿಂಬದಿ ಪಹಣಿ. ‘ಪ್ರೀಮಿಯಂ’, ‘ಹೋಲಿಸ್ಟಿಕ್’ ಎಂಬ ಪದಗಳಿಗೆ ನಮ್ಮಲ್ಲಾಗಲಿ ಅಮೆರಿಕದಲ್ಲಾಗಲಿ ಕಾನೂನಿನ ಅರ್ಥವಿಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು. ಹಿಂಬದಿಯಲ್ಲಿ ಸುಳ್ಳು ಬರೆದರೆ ಉತ್ತರ ಹೇಳಬೇಕಾದೀತು ಎಂಬ ಸಣ್ಣ ಭಯವಾದರೂ ತಯಾರಕರಿಗೆ ಇರುತ್ತದೆ. ಆ ಭಯ ಸಣ್ಣದೇಕೆ ಎಂಬುದು ಮೊದಲು ತಿಳಿಯಬೇಕಾದ ಸಂಗತಿ.

ನಾವು ತಿನ್ನುವ ಬಿಸ್ಕತ್ತಿನ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ಪೌಷ್ಟಿಕಾಂಶದ ಪಟ್ಟಿ ಇರುತ್ತವಲ್ಲ, ಅವು ಬಂದದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಿಂದ. ಆ ಕಾಯ್ದೆ ‘ಆಹಾರ’ ಎಂದರೇನು ಎಂದು ಹೇಳುವಾಗಲೇ ಪ್ರಾಣಿಗಳ ಆಹಾರವನ್ನು ಹೊರಗಿಟ್ಟಿದೆ. ನಾಯಿ, ಬೆಕ್ಕುಗಳ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 11968 ಎಂಬ ಮಾನದಂಡ ಇದೆ, ಆದರೆ ಅದನ್ನು ಪಾಲಿಸುವುದು ತಯಾರಕರ ಇಚ್ಛೆ. ಕಡ್ಡಾಯವಾಗಿ ಅನ್ವಯಿಸುವುದು ತೂಕ ಮತ್ತು ಅಳತೆ ಇಲಾಖೆಯ 2011ರ ಪೊಟ್ಟಣ ನಿಯಮಗಳು. ಅವು ಕೇಳುವುದು ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ಎಂಆರ್‌ಪಿ, ಗ್ರಾಹಕರ ದೂರಿಗೆ ಒಂದು ಫೋನ್ ನಂಬರ್. ಸೋಪಿನ ಡಬ್ಬಿಗೂ ನಾಯಿಯ ಊಟಕ್ಕೂ ಹೆಚ್ಚುಕಮ್ಮಿ ಒಂದೇ ನಿಯಮ. ತಮಾಷೆ ಎಂದರೆ, 2017ರಲ್ಲಿ ಜಿಎಸ್‌ಟಿ ಬಂದಾಗ ದನದ ಹಿಂಡಿಗೆ ತೆರಿಗೆ ಇರಲಿಲ್ಲ, ನಾಯಿ ಆಹಾರಕ್ಕೆ ಮಾತ್ರ ಶೇ 18 ಬಿತ್ತು. ತೆರಿಗೆಯ ಲೆಕ್ಕಕ್ಕೆ ನಾಯಿ ಆಹಾರ ಕಣ್ಣಿಗೆ ಬೀಳುತ್ತದೆ, ಒಳಗೇನಿದೆ ಎಂದು ಕೇಳುವ ಹೊತ್ತಿಗೆ ಮರೆಯಾಗುತ್ತದೆ.

ಹಾಗಾಗಿ ನಮ್ಮ ಅಂಗಡಿಗಳಲ್ಲಿ ಸಿಗುವ ಒಳ್ಳೆಯ ಚೀಲಗಳು ಬೇರೆ ದೇಶದ ಭಾಷೆಯನ್ನು ಎರವಲು ತಂದು ಮಾತಾಡುತ್ತವೆ. ಅದರಲ್ಲಿ ಹೆಚ್ಚು ಕಾಣುವ ಹೆಸರು ‘ಆ್ಯಫ್ಕೋ’. ಇದು 1909ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಅಲ್ಲಿನ ರಾಜ್ಯಗಳ ಪಶು ಆಹಾರ ಅಧಿಕಾರಿಗಳ ಸಂಘ. ಮಾದರಿ ನಿಯಮಗಳನ್ನು, ಪೋಷಕಾಂಶಗಳ ಕನಿಷ್ಠ ಗರಿಷ್ಠ ಪಟ್ಟಿಯನ್ನು ಬರೆಯುತ್ತದೆ. ಅದು ಯಾವ ಆಹಾರವನ್ನೂ ಪರೀಕ್ಷೆ ಮಾಡುವುದಿಲ್ಲ, ಯಾವುದಕ್ಕೂ ಮುದ್ರೆ ಒತ್ತುವುದಿಲ್ಲ. ಆದ್ದರಿಂದ ‘ಆ್ಯಫ್ಕೋ ಅನುಮೋದಿತ’ ಎಂದು ಬರೆದುಕೊಂಡ ಚೀಲ ಕಂಡರೆ, ಆ ಕಂಪನಿಗೆ ಆ್ಯಫ್ಕೋ ಏನೆಂದು ಗೊತ್ತಿಲ್ಲ, ಇಲ್ಲವೇ ನಮಗೆ ಗೊತ್ತಿಲ್ಲವೆಂದು ಗೊತ್ತಿದೆ.

ಅದೇ ಆ್ಯಫ್ಕೋ ನಿಯಮದಿಂದ ಬಂದ ಒಂದು ಸಾಲು ಮಾತ್ರ ಇಡೀ ಚೀಲದಲ್ಲಿ ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ ಪದಾರ್ಥಗಳ ಪಟ್ಟಿಯ ಕೆಳಗೆ ಎಲ್ಲೋ ಮೂಲೆಯಲ್ಲಿರುತ್ತದೆ. ಅದರ ತಾತ್ಪರ್ಯ ಇಷ್ಟು: ಈ ಆಹಾರ ಇಂಥ ವಯಸ್ಸಿನ ನಾಯಿಗೆ ಸಂಪೂರ್ಣ ಮತ್ತು ಸಮತೋಲಿತ, ಅದನ್ನು ನಾವು ಇಂಥ ರೀತಿಯಲ್ಲಿ ಖಚಿತಪಡಿಸಿಕೊಂಡಿದ್ದೇವೆ. ‘ಸಂಪೂರ್ಣ’ ಎಂದರೆ ಬೇಕಾದ ಎಲ್ಲ ಪೋಷಕಾಂಶಗಳೂ ಇವೆ ಎಂದು. ‘ಸಮತೋಲಿತ’ ಎಂದರೆ ಅವು ಸರಿಯಾದ ಪ್ರಮಾಣದಲ್ಲಿವೆ ಎಂದು. ನಾಯಿ ವರ್ಷವಿಡೀ ಇದನ್ನೇ ತಿಂದು ಬದುಕಬಹುದು ಎಂಬ ಭರವಸೆ ಅದು. ಈ ಸಾಲಿಲ್ಲದ ಆಹಾರ ಉಪ್ಪಿನಕಾಯಿ ಇದ್ದ ಹಾಗೆ. ರುಚಿಗೆ ಸರಿ, ಊಟವಲ್ಲ.

ವಯಸ್ಸಿನ ಮಾತು ಬರೀ ಅಲಂಕಾರವಲ್ಲ. ನೀರು ತೆಗೆದ ಲೆಕ್ಕದಲ್ಲಿ ಬೆಳೆದ ನಾಯಿಗೆ ಕನಿಷ್ಠ ಶೇ 18 ಪ್ರೋಟೀನ್, ಶೇ 5.5 ಕೊಬ್ಬು ಬೇಕೆಂದು ಆ್ಯಫ್ಕೋ ಪಟ್ಟಿ ಹೇಳುತ್ತದೆ; ಮರಿಗೆ, ಬಸಿರಿಗೆ, ಹಾಲೂಡಿಸುವ ತಾಯಿಗೆ ಅದು ಶೇ 22.5 ಮತ್ತು 8.5. ‘ಎಲ್ಲ ವಯಸ್ಸಿಗೂ’ ಎಂದು ಬರೆದಿದ್ದರೆ ಅದು ಮರಿಯ ಲೆಕ್ಕಕ್ಕೆ ಮಾಡಿದ ಆಹಾರ ಎಂದೇ ತಿಳಿಯಬೇಕು. ಮಧ್ಯವಯಸ್ಸು ದಾಟಿ ಸೋಫಾದ ಮೇಲೆ ದಿನ ಕಳೆಯುವ ನಾಯಿಗೆ ಅದು ಹೆಚ್ಚಾಗಬಹುದು.

‘ಖಚಿತಪಡಿಸಿಕೊಂಡ ರೀತಿ’ಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಪಟ್ಟಿಗೆ ಹೊಂದುವಂತೆ ಕಾಗದದ ಮೇಲೆ ಪಾಕ ರೂಪಿಸುವುದು. ಇನ್ನೊಂದು, ನಾಯಿಗಳಿಗೆ ತಿನ್ನಿಸಿ ನೋಡುವುದು. ತಿನ್ನಿಸಿ ನೋಡಿದ್ದೇವೆ ಎಂದರೆ ಸಾವಿರಾರು ನಾಯಿಗಳು ಎಂದುಕೊಳ್ಳಬೇಡಿ. ಬೆಳೆದ ನಾಯಿಗಳ ಪರೀಕ್ಷೆಯಲ್ಲಿ 8 ನಾಯಿ, 26 ವಾರ, ಕೊನೆಗೆ 6 ಉಳಿದರೆ ಸಾಕು. ಹಾಗೆಂದು ಅದು ಬೆಲೆಯಿಲ್ಲದ್ದಲ್ಲ. ಕಾಗದದ ಮೇಲೆ ಎಲ್ಲ ಸರಿಯಿದ್ದೂ ನಾಯಿಯ ಹೊಟ್ಟೆಗೆ ಹಿಡಿಸದ ಪಾಕಗಳು ಅಲ್ಲಿ ಸಿಕ್ಕಿಬೀಳುತ್ತವೆ. ಯುರೋಪಿನ ಚೀಲವಾದರೆ ಇನ್ನೂ ಸರಳ: ‘ಸಂಪೂರ್ಣ’ ಅಥವಾ ‘ಪೂರಕ’ ಎಂಬ ಎರಡರಲ್ಲೊಂದನ್ನು ಬರೆಯಲೇಬೇಕು.

ಅಂದು ನಾನು ಹುಡುಗನ ಮಾತು ಮೀರಿ ಒಂದು ವಿದೇಶಿ ಡಬ್ಬಿ ತಂದೆ. ಆ ಸಾಲು ಮಾತ್ರ ಎಲ್ಲೂ ಕಾಣಲಿಲ್ಲ. ಆಮದುದಾರರ ವಿಳಾಸ, ಎಂಆರ್‌ಪಿ ಇರುವ ಬಿಳಿ ಸ್ಟಿಕ್ಕರ್ ಡಬ್ಬಿಯ ಮೇಲೆ ಅಡ್ಡ ಕೂತಿತ್ತು. ನಮ್ಮ ನಿಯಮ ಪಾಲಿಸಲೆಂದೇ ಅಂಟಿಸಿದ್ದು. ಮನೆಗೆ ಬಂದು ಕೊಬ್ಬರಿ ಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು, ಉಗುರಿನಲ್ಲಿ ಕೆರೆದೆ. ಕೆಳಗೆ ಇಂಗ್ಲಿಷಿನಲ್ಲಿ ಇತ್ತು: ಮಧ್ಯೆ ಮಧ್ಯೆ ಅಥವಾ ಪೂರಕವಾಗಿ ಕೊಡಲು ಮಾತ್ರ. ಸಂಪೂರ್ಣ ಊಟವೆಂದು ನಾನು 340 ರೂಪಾಯಿ ಕೊಟ್ಟು ತಂದದ್ದು ಉಪ್ಪಿನಕಾಯಿ.

ಹೆಸರಿನ ಆಟ ಇನ್ನೊಂದು. ಅಮೆರಿಕದ ಮಾದರಿ ನಿಯಮದಲ್ಲಿ ಹೆಸರಿನ ಒಂದೊಂದು ಪದಕ್ಕೂ ತೂಕವಿದೆ. ಡಬ್ಬಿಯ ಮೇಲೆ ಬರೀ ‘ನಾಯಿಗೆ ಚಿಕನ್’ ಎಂದಿದ್ದರೆ, ಅಡುಗೆಗೆ ಸೇರಿಸಿದ ನೀರು ಬಿಟ್ಟು, ಶೇ 95 ಕೋಳಿಯೇ ಇರಬೇಕು. ‘ಚಿಕನ್ ಡಿನ್ನರ್’, ‘ಚಿಕನ್ ಫಾರ್ಮುಲಾ’ ಎಂದಾದರೆ ಅದು ಶೇ 25ಕ್ಕೆ ಇಳಿಯುತ್ತದೆ. ‘ವಿತ್ ಚಿಕನ್’ ಎಂದರೆ ಶೇ 3 ಸಾಕು. ‘ಚಿಕನ್ ಫ್ಲೇವರ್’ ಎಂದರೆ ನಾಯಿಯ ನಾಲಿಗೆಗೆ ಗೊತ್ತಾಗುವಷ್ಟು ರುಚಿ ಇದ್ದರಾಯಿತು, ಕೋಳಿಯ ಮಾಂಸವೇ ಬೇಕಿಲ್ಲ. 95ರಿಂದ 3ಕ್ಕೆ ಇಳಿಸಿದ್ದು ‘ವಿತ್’ ಎಂಬ ಒಂದೇ ಅಕ್ಷರಗುಚ್ಛ! ಭಾರತದಲ್ಲಿ ತಯಾರಾದ ಚೀಲಕ್ಕೆ ಈ ನಿಯಮ ಕಡ್ಡಾಯವಲ್ಲ. ಇಲ್ಲಿನ ಚೀಲದ ಹೆಸರಿನಿಂದ ಇಷ್ಟು ಕೂಡ ಊಹಿಸಲಾಗದು.

ಇನ್ನು ಪದಾರ್ಥಗಳ ಪಟ್ಟಿ. ಹಿಂಬದಿ ಓದುವ ಕೆಲವರು ನೇರ ಹೋಗುವುದು ಇಲ್ಲಿಗೇ, ಮೋಸ ಹೋಗುವುದೂ ಇಲ್ಲೇ. ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು ಎಂಬುದು ನಿಯಮ, ಆದರೆ ಆ ತೂಕ ಯಂತ್ರಕ್ಕೆ ಹಾಕುವ ಮೊದಲಿನದು. ಹಸಿ ಕೋಳಿಯಲ್ಲಿ ಸುಮಾರು ಶೇ 70 ನೀರು. 20 ಕೆಜಿ ಹಸಿ ಕೋಳಿ ಹಾಕಿದರೆ ಕಾಳಾಗಿ ಹೊರಬರುವ ಹೊತ್ತಿಗೆ ಉಳಿಯುವುದು 6 ಕೆಜಿ ಚಿಲ್ಲರೆ. ಪಕ್ಕದಲ್ಲೇ ಹಾಕಿದ 15 ಕೆಜಿ ಅಕ್ಕಿ ಹೆಚ್ಚುಕಮ್ಮಿ ಹಾಗೆಯೇ ಉಳಿಯುತ್ತದೆ. ಆದರೂ ಪಟ್ಟಿಯಲ್ಲಿ ಕೋಳಿಗೇ ಮೊದಲ ಸ್ಥಾನ. ಇದಕ್ಕೆ ಹೋಲಿಸಿದರೆ ಎಲ್ಲರೂ ಮೂಗು ಮುರಿಯುವ ‘ಚಿಕನ್ ಮೀಲ್’ ಎಂಬುದು ನೀರೂ ಕೊಬ್ಬೂ ತೆಗೆದ ಪುಡಿ. ಅದರಲ್ಲಿ ಪ್ರೋಟೀನ್ ಶೇ 60ರ ಮೇಲಿರುತ್ತದೆ. ಮೀಲ್ ಎಂದಾಕ್ಷಣ ಕೀಳು, ಹಸಿ ಕೋಳಿ ಎಂದಾಕ್ಷಣ ಮೇಲು ಎನ್ನುವುದು ಕೇವಲ ಮನಸ್ಸಿನ ಸಮಾಧಾನ. ‘ಬೈಪ್ರಾಡಕ್ಟ್’ ಎಂದರೆ ಬೆಚ್ಚುವವರಿಗೂ ಇದೇ ಮಾತು. ಕಲೀಜ, ಗುಂಡಿಗೆ ಇವೆಲ್ಲ ಆ ಗುಂಪಿನವೇ. ನಮ್ಮ ಊರಿನ ಚಿಕನ್ ಅಂಗಡಿಯ ಮುಂದೆ ಕಲೀಜಕ್ಕೆ ಕಾದು ನಿಲ್ಲುವ ನಾಯಿಗೆ ಆ ಪದದ ಮೇಲೆ ಯಾವ ಸಿಟ್ಟೂ ಇಲ್ಲ.

ಪಟ್ಟಿಯಲ್ಲಿ ಇನ್ನೊಂದು ಕೈಚಳಕ ನಡೆಯುತ್ತದೆ. ಅಕ್ಕಿ, ನುಚ್ಚಕ್ಕಿ, ಅಕ್ಕಿ ತೌಡು ಎಂದು ಮೂರು ಕಡೆ ಬೇರೆ ಬೇರೆ ಬರೆದರೆ ಒಂದೊಂದೂ ಕೋಳಿಗಿಂತ ಕೆಳಗೆ ಕೂರುತ್ತದೆ, ಕೂಡಿಸಿದರೆ ಮೇಲೆ. ಒಂದೇ ಮನೆಯ ಮೂವರು ಪಂಚಾಯಿತಿ ಚುನಾವಣೆಗೆ ನಿಂತು ಮತ ಹಂಚಿಕೊಂಡ ಹಾಗೆ. ಬಟಾಣಿ, ಬಟಾಣಿ ಹಿಟ್ಟು, ಬಟಾಣಿ ಪ್ರೋಟೀನ್ ಎಂದು ಒಡೆಯುವುದೂ ಇದೇ.

ಈಗ ‘ಪ್ರೋಟೀನ್ ಜಾಸ್ತಿ’ ಎಂಬ ಮಾತಿಗೆ ಬರೋಣ. ನಾನು ಎತ್ತಿಕೊಂಡ ಕಾಳಿನ ಚೀಲದಲ್ಲಿ ಪ್ರೋಟೀನ್ ಶೇ 22, ನೀರಿನಂಶ ಶೇ 10. ಪಕ್ಕದ ಗ್ರೇವಿ ಪೌಚಿನಲ್ಲಿ ಪ್ರೋಟೀನ್ ಶೇ 8, ನೀರಿನಂಶ 82. ‘ಗ್ರೇವಿಯಲ್ಲಿ ಏನೂ ಇಲ್ಲ’ ಎಂದರು ಪಕ್ಕದಲ್ಲಿ ನಿಂತಿದ್ದ ಒಬ್ಬರು. ಅವರು ಗಟ್ಟಿ ಮೊಸರನ್ನು ನೀರುಮಜ್ಜಿಗೆಯ ಜೊತೆ ತೂಗುತ್ತಿದ್ದರು. ನೀರು ಕಳೆದು ನೋಡಿದರೆ ಕಾಳಿನಲ್ಲಿ ಒಣಭಾಗ 90, ಅದರಲ್ಲಿ 22 ಎಂದರೆ ಶೇ 24.4. ಗ್ರೇವಿಯಲ್ಲಿ ಒಣಭಾಗ 18, ಅದರಲ್ಲಿ 8 ಎಂದರೆ ಶೇ 44.4. ಎರಡು ಬಗೆಯ ಆಹಾರಗಳನ್ನು ಹೋಲಿಸುವಾಗ ಈ ಭಾಗಾಕಾರ ಮಾಡದೆ ಮಾತಾಡುವುದರಲ್ಲಿ ಅರ್ಥವಿಲ್ಲ.

ಅಷ್ಟಾದರೂ ಆ ಸಂಖ್ಯೆ ಪೂರ್ತಿ ನಂಬುವಂಥದ್ದಲ್ಲ. ಚೀಲದ ಮೇಲೆ ‘ಕಚ್ಚಾ ಪ್ರೋಟೀನ್’ ಎಂದಿರುತ್ತದೆ. ಪ್ರಯೋಗಾಲಯದಲ್ಲಿ ಅಳೆಯುವುದು ಪ್ರೋಟೀನನ್ನಲ್ಲ, ಅದರಲ್ಲಿರುವ ಸಾರಜನಕವನ್ನು. ಬಂದ ಸಂಖ್ಯೆಯನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಸಾರಜನಕ ಕೋಳಿ ಮಾಂಸದಲ್ಲೂ ಇದೆ, ನಾಯಿಗೆ ಜೀರ್ಣವಾಗದ ಕೋಳಿ ಪುಕ್ಕದಲ್ಲೂ ಇದೆ. ಈ ಕಿಂಡಿಯಲ್ಲಿ ಕಳ್ಳರು ನುಗ್ಗಿದ್ದು 2007ರಲ್ಲಿ. ಚೀನಾದಿಂದ ಅಮೆರಿಕಕ್ಕೆ ಹೋದ, ಗೋಧಿಯಿಂದ ತೆಗೆದ ಪ್ರೋಟೀನ್ ಪುಡಿಯಾದ ಗೋಧಿ ಗ್ಲುಟೆನ್‌ಗೆ ಮೆಲಮೈನ್ ಬೆರೆಸಿದ್ದರು. ಪ್ಲಾಸ್ಟಿಕ್ ತಯಾರಿಕೆಯ ಆ ರಾಸಾಯನಿಕದ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕವೇ. ಪರೀಕ್ಷೆಯಲ್ಲಿ ಪ್ರೋಟೀನ್ ಚೆನ್ನಾಗಿ ಬಂತು. ತಿಂದ ನಾಯಿ ಬೆಕ್ಕುಗಳ ಮೂತ್ರಪಿಂಡದಲ್ಲಿ ಹರಳು ಕಟ್ಟಿದವು. ಹತ್ತಾರು ಬ್ರ್ಯಾಂಡುಗಳ ಕೋಟಿಗಟ್ಟಲೆ ಪೊಟ್ಟಣಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಬೇಕಾಯಿತು. ಮರುವರ್ಷ ಅದೇ ಮೋಸ ಚೀನಾದ ಶಿಶುಗಳ ಹಾಲಿನ ಪುಡಿಯಲ್ಲಿ ಸಿಕ್ಕಿಬಿತ್ತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ನಾಯಿಗಳ ವಿಷಯದಲ್ಲಿ ಕೇಳಿಸಿದ ಎಚ್ಚರಿಕೆ ಮಕ್ಕಳವರೆಗೆ ತಲುಪಲು ಒಂದು ವರ್ಷ ತೆಗೆದುಕೊಂಡಿತು.

ಕರಿಯನ ನಿಜವಾದ ಸಮಸ್ಯೆಗೆ ಬೇಕಿದ್ದ ಸಂಖ್ಯೆ ಕ್ಯಾಲರಿ. ಅದು ನಾಲ್ಕು ಚೀಲಗಳಲ್ಲಿ ಒಂದರಲ್ಲಿ ಮಾತ್ರ ಇತ್ತು. ಇಲ್ಲದಿದ್ದರೆ ನಾವೇ ಲೆಕ್ಕ ಹಾಕಬಹುದು. ಪ್ರೋಟೀನ್ 22, ಕೊಬ್ಬು 10, ನಾರು 5, ನೀರು 10, ಬೂದಿ ಎಂಬ ಖನಿಜಾಂಶ 8 ಎಂದಿಟ್ಟುಕೊಳ್ಳಿ. 100ರಲ್ಲಿ ಇವೆಲ್ಲ ಕಳೆದರೆ ಉಳಿಯುವ 45 ಪಿಷ್ಟ. ಚೀಲದ ಮೇಲೆ ಪಿಷ್ಟದ ಪ್ರಮಾಣವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಹೀಗೆ ಕಳೆದೇ ಕಂಡುಕೊಳ್ಳಬೇಕು. ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಂಗೆ 3.5 ಕ್ಯಾಲರಿ, ಕೊಬ್ಬಿಗೆ 8.5. ಕೂಡಿದರೆ 100 ಗ್ರಾಂಗೆ ಸುಮಾರು 320. ಪ್ರೋಟೀನ್ ಮತ್ತು ಕೊಬ್ಬನ್ನು ಚೀಲ ಹೇಳುವುದು ‘ಕನಿಷ್ಠ ಇಷ್ಟು’ ಎಂದು. ಒಳಗಿನದು ಅದಕ್ಕಿಂತ ಹೆಚ್ಚಿರಬಹುದು, ಹಾಗಾಗಿ ಇದು ಅಂದಾಜಷ್ಟೇ.

ಇನ್ನು ನಾಯಿಗೆಷ್ಟು ಬೇಕು? ಪಶುವೈದ್ಯರ ಸೂತ್ರ ಹೀಗೆ: ತೂಕವನ್ನು ಮೂರು ಸಲ ಗುಣಿಸಿ, ಎರಡು ಸಲ ವರ್ಗಮೂಲ ತೆಗೆದು, 70ರಿಂದ ಗುಣಿಸಿ. ಇರಬೇಕಾದ ತೂಕವನ್ನೇ ಹಿಡಿಯಬೇಕು, ಇರುವ ತೂಕವನ್ನಲ್ಲ. 25×25×25 ಎಂದರೆ 15,625. ಅದರ ವರ್ಗಮೂಲ 125. ಮತ್ತೆ ವರ್ಗಮೂಲ 11.2. 70ರಿಂದ ಗುಣಿಸಿದರೆ ಸುಮಾರು 780. ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ. ಸಂತಾನಹರಣ ಚಿಕಿತ್ಸೆ ಆದ ಮನೆ ನಾಯಿಗೆ ಅದರ 1.6 ಪಟ್ಟು, ಅಂದರೆ ದಿನಕ್ಕೆ 1,250. ಮೇಲಿನ ಕಾಳಿನಲ್ಲಿ ಅದು 390 ಗ್ರಾಂ. ಆ ಗ್ರೇವಿಯಲ್ಲಾದರೆ 100 ಗ್ರಾಂನ 18 ಪೌಚ್! ತಿಂಗಳ ಖರ್ಚಿನ ಲೆಕ್ಕ ನೀವೇ ಹಾಕಿಕೊಳ್ಳಿ. ಸೂತ್ರ ಆರಂಭದ ಗುರುತಷ್ಟೇ, ನಾಯಿಯಿಂದ ನಾಯಿಗೆ ವ್ಯತ್ಯಾಸ ದೊಡ್ಡದು. ಪಕ್ಕೆಲುಬುಗಳು ಕಣ್ಣಿಗೆ ಕಾಣದಿದ್ದರೂ ಕೈಗೆ ಸಲೀಸಾಗಿ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಮುಧೋಳದಂಥ ಬೇಟೆ ತಳಿಯಾದರೆ ಎಲುಬು ಕಣ್ಣಿಗೇ ಕಂಡರೂ ಗಾಬರಿ ಬೇಡ. ಅದರ ಮೈಕಟ್ಟೇ ಹಾಗೆ. ಹೊಟ್ಟೆ ತುಂಬಿಸಿ ದುಂಡಗೆ ಮಾಡಿದ ಮುಧೋಳ ನಾಯಿಯನ್ನು ನೋಡಿದರೆ ಸಂಕಟವಾಗುತ್ತದೆ.

ಲೋಟ ಸಣ್ಣದು ಮಾಡುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಶೇ 25 ಕಡಿಮೆ ಆಹಾರವನ್ನು ಜೀವನವಿಡೀ ಕೊಟ್ಟರು. ಕಡಿಮೆ ತಿಂದವು ಸರಿಸುಮಾರು 13 ವರ್ಷ, ಹೆಚ್ಚು ತಿಂದವು 11.2 ವರ್ಷ ಬದುಕಿದವು. ಎರಡೂ ಗುಂಪಿಗೆ ಕೊಟ್ಟದ್ದು ಒಂದೇ ಆಹಾರ.

ದೊಡ್ಡ ತಳಿಯ ಮರಿ ಸಾಕುವವರು ಇನ್ನೊಂದು ಸಂಖ್ಯೆ ನೋಡಲೇಬೇಕು. ನಮ್ಮಲ್ಲಿ ಲ್ಯಾಬ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಮರಿ ಮನೆಗೆ ಬಂದ ಮರುದಿನವೇ ಕ್ಯಾಲ್ಸಿಯಂ ಸಿರಪ್ ಬಾಟಲಿಯೂ ಬರುತ್ತದೆ. ‘ಎಲುಬು ಗಟ್ಟಿಯಾಗಲಿ’ ಎಂದು ಮಾರಿದವರೇ ಕೈಗಿಡುತ್ತಾರೆ. ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡವೆನ್ನುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಕೊಟ್ಟಷ್ಟೂ ಹೀರುತ್ತದೆ, ಎಲುಬು ಸೊಟ್ಟಗೆ ಬೆಳೆಯುತ್ತದೆ. ಬೆಳೆದಾಗ 70 ಪೌಂಡ್, ಅಂದರೆ ಸುಮಾರು 32 ಕೆಜಿ ದಾಟುವ ತಳಿಯ ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಶೇ 1.8 ಮೀರಬಾರದೆಂದು ಆ್ಯಫ್ಕೋ ಪಟ್ಟಿ ಹೇಳುತ್ತದೆ, ಇತರ ನಾಯಿಗಳಿಗೆ ಮಿತಿ 2.5. ಇಲ್ಲಿಯೂ ಉತ್ತರ ಆ ಒಂದು ಸಾಲಿನಲ್ಲೇ ಇದೆ: ದೊಡ್ಡ ಗಾತ್ರದ ನಾಯಿಗಳ ಬೆಳವಣಿಗೆಯೂ ಸೇರಿದೆ ಎಂದು ಬರೆದಿದ್ದರೆ ಸರಿ, ಸೇರಿಲ್ಲ ಎಂದಿದ್ದರೆ ಆ ಚೀಲ ಬಿಡಿ. ಬಾಟಲಿಯನ್ನು ವೈದ್ಯರು ಹೇಳದೆ ಮುಟ್ಟಬೇಡಿ.

‘ಇಷ್ಟೆಲ್ಲ ರಗಳೆ ಯಾಕೆ, ನಮ್ಮ ಅಜ್ಜಿ ಕಾಲದ ನಾಯಿ ಮುದ್ದೆ ತಿಂದು ಹದಿನೈದು ವರ್ಷ ಬದುಕಿತ್ತು’ ಎನ್ನುವವರು ಇದ್ದಾರೆ. ನಮ್ಮ ಅತ್ತೆಯೂ ಅವರಲ್ಲೊಬ್ಬರು. ಅವರ ಮಾತಿನಲ್ಲಿ ಅರ್ಧ ನಿಜ. 2013ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳು ತೋರಿಸಿದಂತೆ, ಪಿಷ್ಟ ಜೀರ್ಣಿಸುವ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಗಳಲ್ಲಿ ಅದರ ಹಲವು ಪಟ್ಟು ಇದೆ. ಮನುಷ್ಯರ ಎಂಜಲು ತಿಂದೇ ನಾಯಿ ನಾಯಿಯಾದದ್ದು. ಅನ್ನ, ಮುದ್ದೆ ಅದಕ್ಕೆ ವಿಷವಲ್ಲ. ಆದರೆ ಮುದ್ದೆಯಲ್ಲಿ ಬೇಕಾದ್ದೆಲ್ಲ ಇದೆಯೇ? ರಾಗಿ ಎಂದರೆ ಕ್ಯಾಲ್ಸಿಯಂ ಎಂಬ ಹೆಮ್ಮೆ ನಮಗಿದೆ; 100 ಗ್ರಾಂನಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ ಕೂಡ. ಕರಿಯನಿಗೆ ದಿನಕ್ಕೆ ಬೇಕಾದದ್ದು ಕನಿಷ್ಠ 1.5 ಗ್ರಾಂ ಚಿಲ್ಲರೆ. ಅವನ 1,250 ಕ್ಯಾಲರಿಯನ್ನು ಪೂರ್ತಿ ರಾಗಿಯಲ್ಲೇ ತುಂಬಿದರೂ, ಸುಮಾರು 390 ಗ್ರಾಂ ಹಿಟ್ಟು, ಸಿಗುವುದು 1.4 ಗ್ರಾಂ. ಅದರಲ್ಲೂ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂನ ರಾಜನೇ ಇಲ್ಲಿ ಸೋತರೆ ಅಕ್ಕಿಯ ಪಾಡು ಕೇಳುವುದೇ ಬೇಡ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು 2013ರಲ್ಲಿ ಮನೆಯಡುಗೆಯ 200 ನಾಯಿ ಪಾಕಗಳನ್ನು ಪರಿಶೀಲಿಸಿದಾಗ ಶೇ 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶದ ಕೊರತೆ ಇತ್ತು. ಅವುಗಳಲ್ಲಿ ಬಹಳಷ್ಟು ಪುಸ್ತಕಗಳಲ್ಲಿ ಅಚ್ಚಾದವು. ಅಜ್ಜಿಯ ನಾಯಿ ಹಗಲೆಲ್ಲ ಊರು ಸುತ್ತಿ ಏನೇನು ತಿಂದು ಬರುತ್ತಿತ್ತೋ ಅಜ್ಜಿಗೂ ಗೊತ್ತಿರಲಿಲ್ಲ.

ಅರ್ಧ ಕಾಳು, ಅರ್ಧ ಅನ್ನ ಮೊಸರು ಎಂಬುದು ನಮ್ಮಲ್ಲಿ ತುಂಬ ಸಾಮಾನ್ಯ. ಆಗ ಚೀಲದ ‘ಸಂಪೂರ್ಣ’ ಎಂಬ ಭರವಸೆಯೂ ಅರ್ಧವಾಗುತ್ತದೆ ಎಂಬುದು ನೆನಪಿರಲಿ. ಊಟದ ಹೊರತಾದ ಚೂರುಪಾರು ದಿನದ ಕ್ಯಾಲರಿಯ ಹತ್ತನೇ ಒಂದು ಪಾಲು ದಾಟದಿದ್ದರೆ ತೊಂದರೆಯಿಲ್ಲ. ಸಾರಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದ್ದರೆ ಕಲಸುವುದೇ ಬೇಡ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

‘ಗ್ರೇನ್ ಫ್ರೀ’ ಚೀಲದ ಬಗ್ಗೆ ಹುಡುಗನಿಗೆ ತುಂಬ ಹೆಮ್ಮೆ ಇತ್ತು, ಬೆಲೆಯೂ ಹಾಗೇ ಇತ್ತು. ಧಾನ್ಯ ತೆಗೆದರೆ ಪಿಷ್ಟ ಹೋಗುವುದಿಲ್ಲ. ಆ ಜಾಗಕ್ಕೆ ಬಟಾಣಿ, ಬೇಳೆ, ಆಲೂಗಡ್ಡೆ ಬರುತ್ತವೆ. 2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇಂಥ ಆಹಾರಗಳಿಗೂ ನಾಯಿಗಳ ಹೃದಯ ಹಿಗ್ಗಿ ದುರ್ಬಲವಾಗುವ ಕಾಯಿಲೆಗೂ ನಂಟಿದೆಯೇ ಎಂದು ತನಿಖೆ ಶುರು ಮಾಡಿತು. 2022ರ ಕೊನೆಯವರೆಗೆ 1,300ಕ್ಕೂ ಹೆಚ್ಚು ನಾಯಿಗಳ ವರದಿ ಬಂದವು. ಕಾರಣ ಇದೇ ಎಂದು ಸಾಬೀತಾಗಲಿಲ್ಲ; ಹೊಸ ವೈಜ್ಞಾನಿಕ ಮಾಹಿತಿ ಸಿಗುವವರೆಗೆ ಇನ್ನು ಪ್ರಕಟಣೆ ಹೊರಡಿಸುವುದಿಲ್ಲ ಎಂದು ಸಂಸ್ಥೆ ಸುಮ್ಮನಾಯಿತು. ಆದರೆ ಧಾನ್ಯದ ಅಲರ್ಜಿ ನಾಯಿಗಳಲ್ಲಿ ವಿರಳ. ಆಹಾರದ ಅಲರ್ಜಿ ಬಂದರೂ ಸಾಮಾನ್ಯವಾಗಿ ದನದ ಮಾಂಸ, ಹಾಲು, ಕೋಳಿಯಿಂದ. ವೈದ್ಯರು ಹೇಳದೆ ಆ ಹೆಚ್ಚಿನ ಬೆಲೆ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಸಸ್ಯಾಹಾರಿ ಮನೆಗಳಿಗೆ ಹಸಿರು ಚುಕ್ಕೆಯ ಚೀಲಗಳೂ ಬಂದಿವೆ. ನಾಯಿಗೆ ಅದು ಸಾಧ್ಯ, ಆದರೆ ಪಾಕ ರೂಪಿಸಿದವರಿಗೆ ಕೆಲಸ ಗೊತ್ತಿರಬೇಕು. ಆ ಒಂದು ಸಾಲು ಇಲ್ಲಿ ಇನ್ನೂ ಮುಖ್ಯ. ಬೆಕ್ಕಿಗೆ ಈ ಪ್ರಯೋಗ ಬೇಡ.

ಚೀಲವನ್ನು ಬಿಚ್ಚಿ ಕೆಜಿ ಲೆಕ್ಕದಲ್ಲಿ ಲೂಸ್ ಮಾರುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಅಲ್ಲಿ ಇಷ್ಟು ಹೊತ್ತು ಹೇಳಿದ ಯಾವುದೂ ಉಪಯೋಗಕ್ಕೆ ಬಾರದು, ಓದಲು ಲೇಬಲ್ಲೇ ಇಲ್ಲ. ಮಳೆಗಾಲದ ಮಲೆನಾಡಿನಲ್ಲೋ ಕರಾವಳಿಯಲ್ಲೋ ಬಾಯಿ ತೆರೆದ ಚೀಲ ವಾರಗಟ್ಟಲೆ ಕೂತರೆ ಬೂಸ್ಟು ಹಿಡಿಯುತ್ತದೆ, ಕೊಬ್ಬು ಕಮಟುತ್ತದೆ. ಬೂಸ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷ ಕಣ್ಣಿಗೂ ಮೂಗಿಗೂ ಗೊತ್ತಾಗದು. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಜೋಳ ಬೆರೆತ ಒಂದು ಆಹಾರದಲ್ಲಿ ಅದು ಸೇರಿ 110ಕ್ಕೂ ಹೆಚ್ಚು ನಾಯಿಗಳು ಸತ್ತವು. ಆಗ ಮಾಲೀಕರಿಗೆ ತಮ್ಮ ಮನೆಯ ಚೀಲ ಅದೇ ಹೌದೋ ಅಲ್ಲವೋ ಎಂದು ತಿಳಿದದ್ದು ಬ್ಯಾಚ್ ಸಂಖ್ಯೆಯಿಂದ. ನಾವು ಮನೆಗೆ ತಂದ ತಕ್ಷಣ ಅಂದದ ಡಬ್ಬಕ್ಕೆ ಸುರಿದು ಚೀಲವನ್ನು ಕಸಕ್ಕೆ ಹಾಕುತ್ತೇವೆ. ಚೀಲದ ಸಮೇತ ಡಬ್ಬದೊಳಗೆ ಇಳಿಸಿದರೆ ಬ್ಯಾಚ್ ಸಂಖ್ಯೆಯೂ ಜೊತೆಗಿರುತ್ತದೆ.

ಅಮೆರಿಕದಲ್ಲಿ ಈಗ ಲೇಬಲ್ಲೇ ಬದಲಾಗುತ್ತಿದೆ. ನಮ್ಮ ಬಿಸ್ಕತ್ತಿನ ಪೊಟ್ಟಣದಲ್ಲಿರುವಂಥ ಪೌಷ್ಟಿಕಾಂಶದ ಚೌಕ, ಯಾವ ನಾಯಿಗೆ ಈ ಆಹಾರ ಎಂಬ ಮಾತು ಮುಂಬದಿಗೇ ಬರುವುದು ಇವೆಲ್ಲ ಇರುವ ಹೊಸ ಮಾದರಿಯನ್ನು ಆ್ಯಫ್ಕೋ 2023ರಲ್ಲಿ ಒಪ್ಪಿತು. ಬದಲಾಯಿಸಿಕೊಳ್ಳಲು ತಯಾರಕರಿಗೆ ಆರು ವರ್ಷದ ಕಾಲಾವಕಾಶ. ಹಿಂಬದಿಯ ಸಾಲನ್ನು ಮುಂದೆ ತರಲು ಅವರಿಗೆ ನೂರು ವರ್ಷ ದಾಟಿತು.

ನಮ್ಮ ಕೈಯಲ್ಲಿ ಈಗ ಇರುವುದು ಪೊಟ್ಟಣ ನಿಯಮ ಕೊಡಿಸಿದ ಆ ಫೋನ್ ನಂಬರ್. ಲೋಕದ ಸಣ್ಣ ಪ್ರಾಣಿ ವೈದ್ಯರ ಸಂಘಗಳ ಒಕ್ಕೂಟವಾದ ವಸಾವಾ ಕೂಡ ಬ್ರ್ಯಾಂಡ್ ಸೂಚಿಸುವುದಿಲ್ಲ, ಕೇಳಬೇಕಾದ ಪ್ರಶ್ನೆಗಳನ್ನು ಸೂಚಿಸುತ್ತದೆ: ಪಾಕ ರೂಪಿಸಿದವರು ಯಾರು, ಅವರ ಓದೇನು, ಸ್ವಂತ ಕಾರ್ಖಾನೆಯೇ, ಗುಣಮಟ್ಟ ಹೇಗೆ ಪರೀಕ್ಷಿಸುತ್ತೀರಿ, ಕ್ಯಾಲರಿ ಎಷ್ಟು. ಕೊನೆಗೆ ನಾನು ಆರಿಸಿದ ಚೀಲದ ನಂಬರಿಗೆ ಫೋನ್ ಮಾಡಿದೆ. ಎತ್ತಿದ ಹೆಣ್ಣುಮಗಳು ಕನ್ನಡದಲ್ಲೇ ಮಾತಾಡಿದಳು. ‘100 ಗ್ರಾಂಗೆ ಕ್ಯಾಲರಿ ಎಷ್ಟಮ್ಮ?’ ಎಂದೆ. ‘ಪ್ಯಾಕೆಟ್ ಹರಿದಿದೆಯಾ ಸಾರ್?’ ಎಂದಳು. ಇಲ್ಲ ಎಂದೆ. ‘ಹುಳ ಬಂದಿದೆಯಾ?’ ಅದೂ ಇಲ್ಲ. ಹೆಸರು, ನಂಬರ್ ಬರೆದುಕೊಂಡಳು. ವಾಪಸ್ ಫೋನ್ ಬರುತ್ತದೆಂದು ನಾನು ಎಣಿಸಿರಲಿಲ್ಲ, ಮೂರನೆಯ ದಿನ ಬಂತು. ‘346 ಸಾರ್. ಫ್ಯಾಕ್ಟರಿಯಿಂದ ಕೇಳಿಸಿಕೊಂಡು ಹೇಳ್ತಿದೀನಿ.’

1,250ನ್ನು 346ರಿಂದ ಭಾಗಿಸಿದರೆ ದಿನಕ್ಕೆ 360 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ನಮ್ಮ ಹಳೆಯ ಲೋಟ ತೂಗಿ ನೋಡಿದೆವು. ಹೊತ್ತಿಗೆ ಒಂದರಂತೆ ಎರಡು ಲೋಟ, 520 ಗ್ರಾಂ. ಲೋಟ ಬದಲಾಯಿತು. ಕರಿಯ ಖಾಲಿ ತಟ್ಟೆಯನ್ನು ನಡುಮನೆಯವರೆಗೂ ತಳ್ಳಿಕೊಂಡು ಬರುತ್ತಿದ್ದಾನೆ. ಅತ್ತೆ ಸೆರಗಿನ ಮರೆಯಲ್ಲಿ ಅವನಿಗೆ ಮುದ್ದೆ ಹಾಕುತ್ತಿದ್ದಾರೆಂಬ ಅನುಮಾನ ನನಗಿದೆ.